ಶಾಲಾ ರೋಬೋಟಿಕ್ಸ್ ತಂಡಗಳಿಗೆ ವಯಸ್ಕ ಮಾರ್ಗದರ್ಶಕರು: ಲಭ್ಯತೆ, ಕೊರತೆ ಮತ್ತು ಸಾಧ್ಯತೆಗಳು

2025-26ನೇ ಸಾಲಿನ ಕೇಂದ್ರ ಆಯವ್ಯಯದಲ್ಲಿ, ಮುಂದಿನ ಐದು ವರ್ಷಗಳ ಅವಧಿಯಲ್ಲಿ ದೇಶದ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸಲಾಗುವುದೆಂದು 2025ರ ಫೆಬ್ರವರಿ 1ರಂದು ಪ್ರಕಟಿಸಲಾಯಿತು. ಇದಕ್ಕೆ ಮುನ್ನವೇ, 2016ರಲ್ಲಿ ನೀತಿ ಆಯೋಗದ ಅಡಿಯಲ್ಲಿ ಆರಂಭವಾದ ಅಟಲ್ ನಾವೀನ್ಯತಾ ಮಿಷನ್ ವತಿಯಿಂದ ದೇಶದಾದ್ಯಂತ 10,000 ಪ್ರಯೋಗಾಲಯಗಳು ಸ್ಥಾಪನೆಗೊಂಡಿದ್ದು, ಮಿಷನ್‌ನ ಮುಂದುವರಿಕೆಗಾಗಿ 2028ರ ಮಾರ್ಚ್ 31ರವರೆಗಿನ ಅವಧಿಗೆ 2,750 ಕೋಟಿ ರೂಪಾಯಿಗಳನ್ನು ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಮಂಜೂರು ಮಾಡಿದೆ. ಹಣ, ಕೊಠಡಿ, ಉಪಕರಣ ಇವುಗಳ ಬಗ್ಗೆ ಈ ಯೋಜನೆಯ ಆರಂಭದಿಂದಲೂ ಸ್ಪಷ್ಟತೆ ಇದೆ. ಆದರೆ ಆ ಕೊಠಡಿಯೊಳಗೆ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುವ ವಯಸ್ಕರು ಯಾರು ಎಂಬ ಪ್ರಶ್ನೆಗೆ ಅಷ್ಟೇ ಸ್ಪಷ್ಟವಾದ ಉತ್ತರ ಇನ್ನೂ ದೊರೆತಿಲ್ಲ.

ಮೊದಲ ಹಂತದ ಯೋಜನೆಯಲ್ಲಿ ಆಯ್ಕೆಯಾದ ಪ್ರತಿ ಶಾಲೆಗೆ ಗರಿಷ್ಠ 20 ಲಕ್ಷ ರೂಪಾಯಿಗಳ ಅನುದಾನ ನಿಗದಿಯಾಗಿತ್ತು. ಇದರಲ್ಲಿ 10 ಲಕ್ಷ ರೂಪಾಯಿ ಸ್ಥಾಪನಾ ವೆಚ್ಚಕ್ಕೆ, ಉಳಿದ 10 ಲಕ್ಷ ರೂಪಾಯಿ ಗರಿಷ್ಠ ಐದು ವರ್ಷಗಳ ನಿರ್ವಹಣೆಗೆ. ಆರನೆಯ ತರಗತಿಯಿಂದ ಮೇಲ್ಪಟ್ಟ ವಿದ್ಯಾರ್ಥಿಗಳು ಇಲ್ಲಿ ಸಂವೇದಕಗಳು, ಮೋಟಾರುಗಳು, ಮೈಕ್ರೋ ಕಂಟ್ರೋಲರ್ ಫಲಕಗಳು ಹಾಗೂ ತ್ರೀಡಿ ಮುದ್ರಕಗಳೊಂದಿಗೆ ಸ್ವತಃ ಕೆಲಸ ಮಾಡುತ್ತಾರೆ. ಮಾರ್ಗದರ್ಶಕರಿಗಾಗಿ 2017ರಲ್ಲಿ ಪ್ರತ್ಯೇಕ ಅಭಿಯಾನವೊಂದನ್ನು ಆರಂಭಿಸಲಾಯಿತು. ಇದರನ್ವಯ ಉದ್ಯೋಗಸ್ಥರು ಹಾಗೂ ಪರಿಣತರು ಯಾವುದೇ ಸಂಭಾವನೆ ಇಲ್ಲದೆ ವಾರಕ್ಕೆ ಒಂದರಿಂದ ಎರಡು ಗಂಟೆಗಳ ಕಾಲ ಒಂದು ಶಾಲೆಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನೆರವಾಗುವುದು ಅಪೇಕ್ಷಿತವಾಗಿದೆ. ತಾಂತ್ರಿಕ ತಿಳಿವಳಿಕೆ, ವಿನ್ಯಾಸ, ಪ್ರೇರಣೆ ಮತ್ತು ಉದ್ಯಮಶೀಲತೆ ಎಂಬ ನಾಲ್ಕು ವಿಧಗಳಲ್ಲಿ ಅವರ ಪಾತ್ರವನ್ನು ಗುರುತಿಸಲಾಗಿದೆ.

ಗಂಟೆಗಳ ಲೆಕ್ಕ

ವಾರಕ್ಕೆ ಎರಡು ಗಂಟೆ ಎಂಬುದು ಕೇಳಲು ಸುಲಭವಾಗಿದ್ದರೂ ಅದರ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಸೂಕ್ತ. ರಾಜ್ಯದ ಶಾಲಾ ವರ್ಷವು ಜೂನ್ ತಿಂಗಳ ಆಸುಪಾಸಿನಲ್ಲಿ ಆರಂಭವಾಗುತ್ತದೆ. ದಸರಾ ರಜೆ, ಅರ್ಧವಾರ್ಷಿಕ ಪರೀಕ್ಷೆ, ಹಬ್ಬ ಹರಿದಿನಗಳು, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಇವೆಲ್ಲವನ್ನೂ ಕಳೆದರೆ ಡಿಸೆಂಬರ್ ಅಂತ್ಯದವರೆಗೆ ಸುಮಾರು 20 ವಾರಗಳು ದೊರೆಯುತ್ತವೆ ಎಂದು ಭಾವಿಸೋಣ. ಒಬ್ಬ ಮಾರ್ಗದರ್ಶಕರು ಒಂದು ವಾರವೂ ತಪ್ಪಿಸದೆ ಬಂದರೆ ಒಟ್ಟು 40 ಗಂಟೆಗಳಾಗುತ್ತವೆ. ಪ್ರಯೋಗಾಲಯದಲ್ಲಿ 24 ಮಕ್ಕಳಿದ್ದು, ಮೂವರಂತೆ ಎಂಟು ತಂಡಗಳಾದರೆ, ಪ್ರತಿ ತಂಡದ ಪಾಲಿಗೆ ಇಡೀ ವರ್ಷದಲ್ಲಿ ಬರುವುದು ಐದು ಗಂಟೆ ಮಾತ್ರ. ಈ ಐದು ಗಂಟೆಗಳಲ್ಲಿ ಬೆಸುಗೆ ಹಾಕುವುದನ್ನು ಕಲಿಸಬೇಕು, ಮೋಟಾರು ಏಕೆ ತಿರುಗುತ್ತಿಲ್ಲ ಎಂಬುದನ್ನು ಕಂಡುಹಿಡಿಯಬೇಕು, ಕ್ರಮವಿಧಿ ಬರೆಯಿಸಬೇಕು, ಸ್ಪರ್ಧೆಯ ನಿಯಮಗಳನ್ನು ಓದಿಸಬೇಕು.

ಹೊಸದಾಗಿ ಬರಲಿರುವ 50,000 ಮತ್ತು ಈಗಾಗಲೇ ಇರುವ 10,000 ಪ್ರಯೋಗಾಲಯಗಳಿಗೆ ತಲಾ ಇಬ್ಬರಂತೆ ಲೆಕ್ಕ ಹಾಕಿದರೂ 1,20,000 ವಯಸ್ಕರು ಬೇಕಾಗುತ್ತಾರೆ. ಮೇಲಿನ ಉದಾಹರಣೆಯನ್ನು ಗಮನಿಸಿದರೆ ಇಬ್ಬರಿಂದ ಪ್ರತಿ ತಂಡಕ್ಕೆ ದೊರೆಯುವುದು ವರ್ಷಕ್ಕೆ ಹತ್ತು ಗಂಟೆ. ಆದ್ದರಿಂದ 1,20,000 ಎಂಬ ಸಂಖ್ಯೆಯನ್ನು ಕನಿಷ್ಠ ಅಗತ್ಯವೆಂದೇ ತಿಳಿಯಬೇಕಾಗುತ್ತದೆ. ಉಪಕರಣಗಳನ್ನು ಟೆಂಡರ್ ಅಥವಾ ಖರೀದಿ ಪೋರ್ಟಲ್ ಮೂಲಕ ಒಂದೇ ಆದೇಶದಲ್ಲಿ ತರಿಸಿಕೊಳ್ಳಬಹುದು. ಮನುಷ್ಯರನ್ನು ಹಾಗೆ ತರಿಸಿಕೊಳ್ಳಲು ಬರುವುದಿಲ್ಲ.

ವಿಜ್ಞಾನ ಶಿಕ್ಷಕರೇ ಈ ಕೆಲಸವನ್ನು ಏಕೆ ಮಾಡಬಾರದು ಎಂದು ಕೇಳುವವರಿದ್ದಾರೆ. ಬಹುತೇಕ ಶಾಲೆಗಳಲ್ಲಿ ಪ್ರಯೋಗಾಲಯದ ಉಸ್ತುವಾರಿ ವಿಜ್ಞಾನ ಅಥವಾ ಗಣಿತ ಶಿಕ್ಷಕರದೇ ಆಗಿರುತ್ತದೆ. ಅವರಿಗೆ ಪಾಠದ ಅವಧಿಗಳ ಜೊತೆಗೆ ಮೌಲ್ಯಮಾಪನ, ಬಿಸಿಯೂಟದ ಮೇಲ್ವಿಚಾರಣೆ, ಚುನಾವಣೆ ಮತ್ತು ಗಣತಿ ಕಾರ್ಯಗಳೂ ಇರುತ್ತವೆ. ತರಬೇತಿ ಪಡೆದ ಶಿಕ್ಷಕರು ವರ್ಗಾವಣೆಯಾದಾಗ ಅವರು ಕಲಿತದ್ದೂ ಅವರೊಂದಿಗೇ ಹೋಗುತ್ತದೆ. ಪ್ರಯೋಗಾಲಯವು ಹೊಸಬರ ಕೈಯಲ್ಲಿ ಮೊದಲಿನಿಂದ ಆರಂಭವಾಗಬೇಕಾಗುತ್ತದೆ. ಇದು ಶಿಕ್ಷಕರ ಲೋಪವಲ್ಲ. ಊರಿನಲ್ಲಿಯೇ ನೆಲೆಸಿರುವ ಒಬ್ಬಿಬ್ಬರು ಹೊರಗಿನ ವಯಸ್ಕರಿದ್ದಲ್ಲಿ ಈ ಕೊಂಡಿ ಕಳಚುವುದಿಲ್ಲ ಎಂಬುದೇ ಮಾರ್ಗದರ್ಶಕ ವ್ಯವಸ್ಥೆಯ ಮುಖ್ಯ ಉಪಯೋಗವೆನ್ನಬಹುದು.

ಮಕ್ಕಳ ಕಡೆಯಿಂದಲೂ ಇದೇ ಸಮಸ್ಯೆ ಇದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಮೂರೇ ವರ್ಷ. ಹತ್ತನೆಯ ತರಗತಿಯ ಮಕ್ಕಳು ದೀಪಾವಳಿ ಕಳೆಯುತ್ತಿದ್ದಂತೆ ಎಸ್.ಎಸ್.ಎಲ್.ಸಿ. ವಿಶೇಷ ತರಗತಿಗಳಲ್ಲಿ ತೊಡಗುವುದರಿಂದ ಅವರನ್ನು ರೋಬೋಟ್ ತಂಡದಲ್ಲಿ ಉಳಿಸಿಕೊಳ್ಳುವುದು ಕಷ್ಟ. ಉಳಿಸಿಕೊಳ್ಳುವುದು ನ್ಯಾಯವೂ ಅಲ್ಲವೆಂದು ಪೋಷಕರು ಹೇಳುತ್ತಾರೆ. ಹೀಗಾಗಿ ಒಂದು ಮಗು ತಂಡಕ್ಕೆ ನಿಜವಾಗಿ ದೊರೆಯುವುದು ಎರಡು ವರ್ಷಗಳ ಮಟ್ಟಿಗೆ. ಎರಡು ವರ್ಷದ ಮಕ್ಕಳು, ಮೂರು ನಾಲ್ಕು ವರ್ಷಕ್ಕೆ ವರ್ಗವಾಗುವ ಶಿಕ್ಷಕರು, ಐದು ವರ್ಷಕ್ಕೆ ಮುಗಿಯುವ ಅನುದಾನ ಇವುಗಳ ನಡುವೆ ಹೆಚ್ಚು ಕಾಲ ಒಂದೇ ಕಡೆ ಇರಬಲ್ಲವರು ಸ್ಥಳೀಯ ಮಾರ್ಗದರ್ಶಕರು ಮಾತ್ರ.

ಬೀಗ ಹಾಕಿದ ಬೀರು

ಪ್ರಯೋಗಾಲಯಗಳು ಬಳಕೆಯಾಗದೆ ಉಳಿಯುವುದಕ್ಕೆ ಆಸಕ್ತಿಯ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಕಡತಗಳ ಪರಿಚಯವಿದ್ದವರಿಗೆ ಇನ್ನೊಂದು ಕಾರಣವೂ ತಿಳಿದಿರುತ್ತದೆ. ಅದು ಲೆಕ್ಕಪರಿಶೋಧನೆಯ ಭಯ. ದಾಸ್ತಾನು ವಹಿಯಲ್ಲಿ ನಮೂದಾದ ಪ್ರತಿಯೊಂದು ವಸ್ತುವಿಗೂ ಮುಖ್ಯ ಶಿಕ್ಷಕರು ಹೊಣೆಗಾರರು. ಮಕ್ಕಳ ಕೈಯಲ್ಲಿ ಒಂದು ಫಲಕ ಸುಟ್ಟುಹೋದರೆ, ನಾಲ್ಕು ಸಂವೇದಕಗಳು ಕಾಣೆಯಾದರೆ, ನಿವೃತ್ತಿಯ ಹೊಸ್ತಿಲಲ್ಲಿ ಆಕ್ಷೇಪಣೆಗೆ ಉತ್ತರಿಸಬೇಕಾದೀತು ಎಂಬ ಆತಂಕದಿಂದ ಬೀರುವಿಗೆ ಬೀಗ ಬೀಳುತ್ತದೆ. ಹೊರಗಿನಿಂದ ಬಂದ ಮಾರ್ಗದರ್ಶಕರು ಎರಡು ಶನಿವಾರ ಬಂದು, ಕೀಲಿಕೈ ಇರುವವರು ರಜೆಯಲ್ಲಿದ್ದಾರೆ ಎಂಬ ಉತ್ತರ ಕೇಳಿ, ಮೂರನೆಯ ಶನಿವಾರ ಬರುವುದನ್ನು ನಿಲ್ಲಿಸುತ್ತಾರೆ.

ಇದಕ್ಕೆ ಪರಿಹಾರ ಹೊಸ ಯೋಜನೆಯಲ್ಲಿಲ್ಲ, ಲೆಕ್ಕದ ಸಾಮಾನ್ಯ ಪದ್ಧತಿಯಲ್ಲಿಯೇ ಇದೆ. ಬಾಳಿಕೆ ಬರುವ ವಸ್ತುಗಳು ಮತ್ತು ಬಳಕೆಯಲ್ಲಿ ಮುಗಿದುಹೋಗುವ ವಸ್ತುಗಳು ಬೇರೆ ಬೇರೆ. ತ್ರೀಡಿ ಮುದ್ರಕ, ಲ್ಯಾಪ್‌ಟಾಪ್, ಕೊರೆಯುವ ಯಂತ್ರ ಇವು ಮೊದಲನೆಯ ವರ್ಗಕ್ಕೆ ಸೇರುತ್ತವೆ. ತಂತಿ, ಬೆಸುಗೆ ಸೀಸ, ಎಲ್.ಇ.ಡಿ. ದೀಪಗಳು, ರೆಸಿಸ್ಟರ್‌ಗಳು, ಸಣ್ಣ ಮೋಟಾರುಗಳು ಕಲಿಕೆಯಲ್ಲಿ ಸವೆಯುವುದಕ್ಕಾಗಿಯೇ ತಂದವು. ಎರಡನ್ನೂ ಪ್ರತ್ಯೇಕ ವಹಿಗಳಲ್ಲಿ ನಮೂದಿಸಿ, ಎರಡನೆಯ ವರ್ಗದ ವಸ್ತುಗಳನ್ನು ತಂಡದ ಹೆಸರಿಗೆ ವಿತರಿಸಿ ಸಹಿ ಪಡೆದು, ವರ್ಷಕ್ಕೊಮ್ಮೆ ಭೌತಿಕ ಪರಿಶೀಲನೆ ನಡೆಸಿದಲ್ಲಿ ಸುಟ್ಟ ಮೋಟಾರು ಆಕ್ಷೇಪಣೆಯ ವಿಷಯವಾಗುವ ಸಂದರ್ಭ ಕಡಿಮೆ. ಈ ವಹಿಯನ್ನು ಬರೆದಿಡಬಲ್ಲ ಒಬ್ಬ ನಿವೃತ್ತ ಬ್ಯಾಂಕ್ ನೌಕರರು ಅಥವಾ ಸಹಕಾರ ಸಂಘದ ಕಾರ್ಯದರ್ಶಿಗಳು ರೋಬೋಟ್ ತಂಡದ ಮಾರ್ಗದರ್ಶಕರಾಗಬಾರದೇಕೆ? ತಂತ್ರಜ್ಞಾನ ಬಲ್ಲವರೇ ಬೇಕೆಂಬ ಭಾವನೆಯಿಂದಾಗಿ ಇಂತಹವರನ್ನು ಕೇಳುವವರೇ ಇಲ್ಲದಂತಾಗಿದೆ.

ತಾಲ್ಲೂಕು ಮಟ್ಟದಲ್ಲಿ ಯಾರು ದೊರೆಯುತ್ತಾರೆ

ಬೆಂಗಳೂರಿನಲ್ಲಿ ಮಾರ್ಗದರ್ಶಕರನ್ನು ಹುಡುಕುವುದು ತುಲನಾತ್ಮಕವಾಗಿ ಸುಲಭ. ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ, ಪೀಣ್ಯದ ಸಣ್ಣ ಕೈಗಾರಿಕೆಗಳು, ಎಚ್.ಎ.ಎಲ್. ಹಾಗೂ ಬಿ.ಇ.ಎಲ್.ನಂತಹ ಸಾರ್ವಜನಿಕ ಉದ್ಯಮಗಳ ಹಾಲಿ ಮತ್ತು ನಿವೃತ್ತ ನೌಕರರು ಎಲ್ಲರೂ ಒಂದೇ ನಗರದಲ್ಲಿದ್ದಾರೆ. ಎಚ್.ಎಂ.ಟಿ.ಯ ಕೈಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ನಿರ್ಧರಿಸಲಾಯಿತಾದರೂ, ಅಲ್ಲಿ ದುಡಿದವರ ಕೈಯಲ್ಲಿರುವ ಸೂಕ್ಷ್ಮ ಕೆಲಸದ ಅನುಭವ ಇನ್ನೂ ಬಡಾವಣೆಗಳಲ್ಲಿ, ಉದ್ಯಾನವನದ ಕಲ್ಲು ಬೆಂಚುಗಳ ಮೇಲೆ ಕುಳಿತಿದೆ. ಅವರನ್ನು ಶಾಲೆಗೆ ಬರಮಾಡಿಕೊಂಡವರು ಕಡಿಮೆ.

ಕಷ್ಟ ಇರುವುದು ತಾಲ್ಲೂಕು ಕೇಂದ್ರಗಳಲ್ಲಿ ಮತ್ತು ಅದಕ್ಕೂ ಕೆಳಗಿನ ಊರುಗಳಲ್ಲಿ. ರೋಬೋಟಿಕ್ಸ್ ಪರಿಣತರು ಎಂದು ಹುಡುಕಿದರೆ ಅಲ್ಲಿ ಯಾರೂ ಸಿಗುವುದಿಲ್ಲ. ಆದರೆ ರೋಬೋಟ್ ಎಂಬ ಯಂತ್ರವನ್ನು ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಅದರಲ್ಲಿ ಮೋಟಾರು ಇದೆ, ಬ್ಯಾಟರಿ ಇದೆ, ಚೌಕಟ್ಟು ಇದೆ, ತಂತಿ ಜೋಡಣೆ ಇದೆ, ಕೊನೆಗೆ ಕ್ರಮವಿಧಿ ಇದೆ. ಕೃಷಿ ಪಂಪ್‌ಸೆಟ್‌ಗಳ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಇಲ್ಲದ ತಾಲ್ಲೂಕು ಕೇಂದ್ರ ರಾಜ್ಯದಲ್ಲಿ ಇರಲಾರದು. ಮೋಟಾರು ಹೊರೆ ಎಳೆಯಲಾರದೆ ನಿಂತಾಗ ಹೆಚ್ಚು ವಿದ್ಯುತ್ ಎಳೆದು ಸುರುಳಿ ಸುಡುತ್ತದೆ ಎಂಬುದು ಆ ಅಂಗಡಿಯವರಿಗೆ ಪಠ್ಯಪುಸ್ತಕದಿಂದಲ್ಲ, ಪ್ರತಿ ಬೇಸಿಗೆಯಲ್ಲಿ ಬರುವ ಸುಟ್ಟ ಮೋಟಾರುಗಳಿಂದ ತಿಳಿದಿದೆ. ಮೊಬೈಲ್ ದುರಸ್ತಿ ಮಾಡುವವರಿಗೆ ಬೆಸುಗೆಯ ಕೈಚಳಕವಿದೆ. ಬಡಗಿಗಳಿಗೆ ಹಾಗೂ ವೆಲ್ಡಿಂಗ್ ಅಂಗಡಿಯವರಿಗೆ ಚೌಕಟ್ಟಿನ ಅಳತೆ, ಮೂಲೆಮಟ್ಟ ಗೊತ್ತು. ಸಕ್ಕರೆ ಕಾರ್ಖಾನೆಗಳಿರುವ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ, ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿನಲ್ಲಿ, ಉಷ್ಣ ವಿದ್ಯುತ್ ಸ್ಥಾವರವಿರುವ ರಾಯಚೂರಿನ ಶಕ್ತಿನಗರದಲ್ಲಿ ಮಾಪನ ಮತ್ತು ನಿಯಂತ್ರಣ ವಿಭಾಗಗಳ ತಂತ್ರಜ್ಞರಿದ್ದಾರೆ. ಸಂವೇದಕವೇ ಅವರ ದಿನನಿತ್ಯದ ಕೆಲಸ.

ಇದರ ಜೊತೆಗೆ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳ ಜಾಲವಿದೆ. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಮೇಲ್ದರ್ಜೆಗೆ ಏರಿಸಿರುವುದರಿಂದ ಆಧುನಿಕ ಯಂತ್ರಗಳು ಜಿಲ್ಲೆ ಜಿಲ್ಲೆಗಳಿಗೆ ತಲುಪಿವೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಹಲವು ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿದೆ. ಶಾಲೆಯಿಂದ ಒಂದೆರಡು ಕಿಲೋಮೀಟರ್ ದೂರದಲ್ಲಿ ಇಂತಹ ಸಂಸ್ಥೆ ಇದ್ದೂ ಪರಸ್ಪರ ಪರಿಚಯವೇ ಇಲ್ಲದಿರುವುದು ಅಪರೂಪವಲ್ಲ. ಶಾಲೆ ಒಂದು ಇಲಾಖೆಗೆ, ತರಬೇತಿ ಸಂಸ್ಥೆ ಇನ್ನೊಂದು ಇಲಾಖೆಗೆ ಸೇರಿರುವುದೇ ಇದಕ್ಕೆ ಕಾರಣ. ಮುಖ್ಯ ಶಿಕ್ಷಕರು ಪ್ರಾಚಾರ್ಯರಿಗೆ ಒಂದು ಪತ್ರ ಬರೆದು, ಖುದ್ದಾಗಿ ಹೋಗಿ ಭೇಟಿಯಾದರೆ ಆಗುವ ಕೆಲಸಕ್ಕೆ ರಾಜಧಾನಿಯಿಂದ ಸುತ್ತೋಲೆ ಬರಲಿ ಎಂದು ಕಾಯುವುದು ವಾಡಿಕೆಯಾಗಿದೆ.

ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಮತ್ತೊಂದು ಮೂಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಚಟುವಟಿಕೆ ಅಂಕಗಳ ಕಾರ್ಯಕ್ರಮದಂತೆ ನಾಲ್ಕು ವರ್ಷಗಳ ಪದವಿಗೆ ಸೇರಿದ ವಿದ್ಯಾರ್ಥಿಗಳು 100 ಅಂಕಗಳನ್ನು ಗಳಿಸಬೇಕಾಗಿದ್ದು, ಸ್ಥಳೀಯ ಶಾಲೆಗಳಿಗೆ ನೆರವಾಗುವುದೂ ಸೂಚಿತ ಚಟುವಟಿಕೆಗಳಲ್ಲಿ ಸೇರಿದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಹದಿನೆಂಟು ತುಂಬಿದ ಇಂತಹ ಯುವಕ ಯುವತಿಯರೊಂದಿಗೆ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಅಕ್ಕ, ಅಣ್ಣ ಎಂದು ಕರೆದು ಸಂಕೋಚವಿಲ್ಲದೆ ಪ್ರಶ್ನೆ ಕೇಳುತ್ತಾರೆ. ಆದರೆ ಅವರ ಸೆಮಿಸ್ಟರ್ ಪರೀಕ್ಷೆಗಳು ಮತ್ತು ಶಾಲಾ ಸ್ಪರ್ಧೆಗಳು ಒಂದೇ ಸಮಯಕ್ಕೆ ಬೀಳುವುದುಂಟು, ಹಾಗೂ ಅಂಕ ಪೂರ್ಣಗೊಂಡ ನಂತರ ಬರುವವರು ವಿರಳ. ಆದ್ದರಿಂದ ಅವರನ್ನು ನೆರವಿಗೆ ಬಳಸಿಕೊಳ್ಳಬಹುದೇ ಹೊರತು ಇಡೀ ತಂಡದ ಹೊಣೆಯನ್ನು ಅವರ ಮೇಲೆ ಹೊರಿಸುವುದು ಉಚಿತವಲ್ಲ.

ಕ್ರಮವಿಧಿ ಬರೆಯುವುದನ್ನು ಕಲಿಸುವವರು ಊರಿನಲ್ಲಿ ದೊರೆಯದಿದ್ದಾಗ ಅಂತರ್ಜಾಲದ ಮೂಲಕ ಮಾರ್ಗದರ್ಶನ ಪಡೆಯುವುದು 2020ರ ನಂತರ ರೂಢಿಗೆ ಬಂದಿದೆ. ಇದಕ್ಕೆ ಒಂದು ಮಿತಿಯಿದೆ. ಬೆಂಗಳೂರಿನಲ್ಲಿ ಕುಳಿತ ತಂತ್ರಜ್ಞರು ಪರದೆಯ ಮೇಲೆ ಕ್ರಮವಿಧಿಯ ದೋಷವನ್ನು ಕಾಣಬಲ್ಲರು, ಸಡಿಲವಾದ ತಂತಿಯನ್ನು ಕಾಣಲಾರರು. ಒಂದು ಸಾಮಾನ್ಯ ಉದಾಹರಣೆಯನ್ನು ನೋಡಬಹುದು. ಆರ್ಡುಯಿನೋ ಫಲಕದ ಒಂದು ಪಿನ್ ಸುರಕ್ಷಿತವಾಗಿ ನೀಡಬಲ್ಲ ವಿದ್ಯುತ್ ಸುಮಾರು 20 ಮಿಲಿ ಆಂಪಿಯರ್. ಚಿಕ್ಕ ಮೋಟಾರಿಗೂ ಅದರ ಹಲವು ಪಟ್ಟು ಬೇಕು. ಮಕ್ಕಳು ನಡುವೆ ಚಾಲಕ ಸರ್ಕ್ಯೂಟ್ ಇಲ್ಲದೆ ಮೋಟಾರನ್ನು ನೇರವಾಗಿ ಪಿನ್‌ಗೆ ಜೋಡಿಸಿದಾಗ ಕ್ರಮವಿಧಿ ಸರಿಯಿದ್ದರೂ ಮೋಟಾರು ತಿರುಗುವುದಿಲ್ಲ, ಕೆಲವೊಮ್ಮೆ ಫಲಕವೇ ಹಾಳಾಗುತ್ತದೆ. ದೂರದಲ್ಲಿರುವವರು ಒಂದು ಗಂಟೆ ಕ್ರಮವಿಧಿಯನ್ನು ತಿದ್ದಿಸುತ್ತಲೇ ಇರಬಹುದು. ಪಕ್ಕದಲ್ಲಿ ನಿಂತ ರಿವೈಂಡಿಂಗ್ ಅಂಗಡಿಯವರು ಒಂದು ನಿಮಿಷದಲ್ಲಿ ಅದನ್ನು ಹೇಳಬಲ್ಲರು. ಹೀಗಾಗಿ ಹತ್ತಿರದವರೊಬ್ಬರು, ದೂರದವರೊಬ್ಬರು ಜೊತೆಗೂಡಿದ ಏರ್ಪಾಡು ಗ್ರಾಮೀಣ ಶಾಲೆಗಳಿಗೆ ಹೆಚ್ಚು ಹೊಂದುತ್ತದೆ. ದೂರದವರಿಗೆ ಕನ್ನಡ ಬರುವುದು ಅಗತ್ಯ. ಕನ್ನಡ ಮಾಧ್ಯಮದ ಮಗುವಿಗೆ ಅರ್ಥವಾಗದಿರುವುದು ತರ್ಕವೋ ಅಥವಾ ಇಂಗ್ಲಿಷೋ ಎಂಬುದನ್ನು ಕನ್ನಡ ಬಲ್ಲವರೇ ಗುರುತಿಸಬೇಕು.

ಮಾರ್ಗದರ್ಶಕರ ಕೆಲಸ ಎಲ್ಲಿಗೆ ನಿಲ್ಲಬೇಕು

ಮಾರ್ಗದರ್ಶಕರೇ ಇಲ್ಲದಿರುವುದು ಒಂದು ತೊಂದರೆಯಾದರೆ, ಮಾರ್ಗದರ್ಶಕರೇ ರೋಬೋಟ್ ತಯಾರಿಸಿಬಿಡುವುದು ಮತ್ತೊಂದು. ಸ್ಪರ್ಧೆಯ ದಿನಾಂಕ ಹತ್ತಿರವಾದಂತೆ, ಮಕ್ಕಳ ನಿಧಾನವನ್ನು ಸಹಿಸಲಾರದೆ ಹಿರಿಯರು ಸ್ಕ್ರೂಡ್ರೈವರ್ ಅನ್ನು ತಮ್ಮ ಕೈಗೆ ತೆಗೆದುಕೊಳ್ಳುವುದು ಸಹಜ. ಬಹುಮಾನ ಬರಲೆಂಬ ಶಾಲೆಯ ಅಪೇಕ್ಷೆಯೂ ಇದಕ್ಕೆ ಸೇರಿಕೊಳ್ಳುತ್ತದೆ.

ಅಂತಾರಾಷ್ಟ್ರೀಯ ಸ್ಪರ್ಧೆಗಳು ಈ ವಿಷಯವನ್ನು ಮೊದಲೇ ಊಹಿಸಿ ನಿಯಮಗಳನ್ನು ರೂಪಿಸಿವೆ. 2004ರಲ್ಲಿ ಸಿಂಗಪುರದಲ್ಲಿ ಮೊದಲ ಬಾರಿಗೆ ನಡೆದ, 2016ರಲ್ಲಿ ಭಾರತವೂ ಆತಿಥ್ಯ ವಹಿಸಿದ್ದ ವಿಶ್ವ ರೋಬೋಟ್ ಒಲಿಂಪಿಯಾಡ್‌ನಲ್ಲಿ ಎರಡರಿಂದ ಮೂವರು ಮಕ್ಕಳ ತಂಡಕ್ಕೆ ಒಬ್ಬ ವಯಸ್ಕ ತರಬೇತುದಾರರಿರುತ್ತಾರೆ. ಅವರು ಸಲಹೆ ನೀಡಬಹುದು. ರೋಬೋಟ್ ಜೋಡಣೆ ಹಾಗೂ ಕ್ರಮವಿಧಿ ರಚನೆ ಮಕ್ಕಳದೇ ಆಗಿರಬೇಕು. ಸ್ಪರ್ಧೆಯ ದಿನ ಅಚ್ಚರಿ ನಿಯಮವೊಂದನ್ನು ಪ್ರಕಟಿಸುವ ಪದ್ಧತಿಯೂ ಇದೆ. ತಮ್ಮ ಯಂತ್ರವನ್ನು ತಾವೇ ಅರಿತ ತಂಡ ಆ ಬದಲಾವಣೆಗೆ ಸಿದ್ಧವಾಗುತ್ತದೆ. ಹಿರಿಯರು ಮಾಡಿಕೊಟ್ಟ ಯಂತ್ರವನ್ನು ಹೊತ್ತು ತಂದ ತಂಡ ಅಲ್ಲಿಯೇ ಕೈಚೆಲ್ಲುತ್ತದೆ.

ಅಮೆರಿಕದ ಅನುಭವವನ್ನು ಇಲ್ಲಿ ಸ್ಮರಿಸಬಹುದು. ಸಂಶೋಧಕ ಡೀನ್ ಕೇಮೆನ್ 1989ರಲ್ಲಿ ಸ್ಥಾಪಿಸಿದ ಫಸ್ಟ್ ಎಂಬ ಸಂಸ್ಥೆಯು 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಶಾಲೆಯೊಂದರ ಕ್ರೀಡಾಗೃಹದಲ್ಲಿ 28 ತಂಡಗಳೊಂದಿಗೆ ಮೊದಲ ಸ್ಪರ್ಧೆ ನಡೆಸಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ, 2019ರಲ್ಲಿ ನಿಧನರಾದ ವುಡಿ ಫ್ಲವರ್ಸ್ ಅದರ ರೂಪುರೇಷೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದರು. ಅವರ ಹೆಸರಿನಲ್ಲಿ 1996ರಿಂದ ನೀಡಲಾಗುತ್ತಿರುವ ಪ್ರಶಸ್ತಿ ಇರುವುದು ಮಾರ್ಗದರ್ಶಕರಿಗೆ, ಮತ್ತು ಅದಕ್ಕೆ ಹೆಸರು ಸೂಚಿಸುವವರು ವಿದ್ಯಾರ್ಥಿಗಳು. ಅಲ್ಲಿನ ಹಿರಿಯ ವಿಭಾಗದ ತಂಡಗಳಲ್ಲಿ ವೃತ್ತಿನಿರತ ಇಂಜಿನಿಯರುಗಳು ಮಕ್ಕಳೊಂದಿಗೆ ಸೇರಿಯೇ ಯಂತ್ರ ನಿರ್ಮಿಸುವುದಕ್ಕೆ ಅವಕಾಶವಿದೆ. ಪರಿಣತರು ಹೇಗೆ ಯೋಚಿಸುತ್ತಾರೆಂಬುದನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂಬುದು ಇದರ ಉದ್ದೇಶ. ಎರಡೂ ಪದ್ಧತಿಗಳಿಗೆ ಅವುಗಳದೇ ಸಮರ್ಥನೆ ಇದೆ. ಆದರೆ ನಮ್ಮಲ್ಲಿ ಹಿರಿಯರು ಮಾತನಾಡುವಾಗ ಕಿರಿಯರು ಸುಮ್ಮನಿರುವ ರೂಢಿ ಬಲವಾಗಿರುವುದರಿಂದ, ಕೈಕಟ್ಟಿ ನಿಂತು ಪ್ರಶ್ನೆ ಕೇಳುವ ಮಾರ್ಗದರ್ಶಕರೇ ಹೆಚ್ಚು ಉಪಯುಕ್ತರು. ಈ ಮೋಟಾರು ಏಕೆ ಬಿಸಿಯಾಗುತ್ತಿದೆ ಎಂದು ಕೇಳಿ ಹತ್ತು ನಿಮಿಷ ಕಾಯುವುದು, ಬಿಸಿಯಾದ ಮೋಟಾರನ್ನು ತಾವೇ ಬದಲಾಯಿಸುವುದಕ್ಕಿಂತ ಕಷ್ಟದ ಕೆಲಸ.

ಹಿರಿಯರು ಹಿಂದೆ ಸರಿಯಬಾರದ ಸಂದರ್ಭಗಳೂ ಇವೆ. ಬೆಸುಗೆ ಕಡ್ಡಿಯ ತುದಿ 300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗಿರುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶವನ್ನು 4.2 ವೋಲ್ಟ್ ಮೀರಿ ಚಾರ್ಜ್ ಮಾಡಿದರೆ ಅಥವಾ ಅದು ಉಬ್ಬಿದ್ದರೂ ಬಳಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಕೊಠಡಿಯಲ್ಲಿ ಬಿಟ್ಟು ಎಲ್ಲರೂ ಊಟಕ್ಕೆ ಹೋಗುವುದು ಯಾವ ಕಾರಣಕ್ಕೂ ಕೂಡದು.

ಮಕ್ಕಳ ಸುರಕ್ಷತೆ

ಹೊರಗಿನ ವ್ಯಕ್ತಿಯೊಬ್ಬರು ವಾರವಾರವೂ ಶಾಲೆಗೆ ಬಂದು ಮಕ್ಕಳೊಂದಿಗೆ ಗಂಟೆಗಟ್ಟಲೆ ಇರುವಾಗ ಸದ್ಭಾವನೆಯೊಂದೇ ಸಾಲದು. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, 2012ರ 19ನೇ ಕಲಮಿನ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದುಬಂದ ಯಾರೇ ಆದರೂ ಅದನ್ನು ಪೊಲೀಸರಿಗೆ ವರದಿ ಮಾಡತಕ್ಕದ್ದು; ವರದಿ ಮಾಡದಿರುವುದೇ 21ನೇ ಕಲಮಿನ ಅಡಿ ಶಿಕ್ಷಾರ್ಹ. ಇದು ಮುಖ್ಯ ಶಿಕ್ಷಕರಿಗೆ ಅನ್ವಯಿಸುವಂತೆಯೇ ಮಾರ್ಗದರ್ಶಕರಿಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098ರ ಫಲಕ ಪ್ರಯೋಗಾಲಯದಲ್ಲಿಯೂ ಇರುವುದು ಸೂಕ್ತ.

ಗುರುತಿನ ದಾಖಲೆ ಮತ್ತು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆಯುವುದು, ಯಾವುದೇ ಸಮಯದಲ್ಲಿ ಕೊಠಡಿಯಲ್ಲಿ ಕನಿಷ್ಠ ಇಬ್ಬರು ವಯಸ್ಕರು ಇರುವಂತೆ ನೋಡಿಕೊಳ್ಳುವುದು, ಕೊಠಡಿಯ ಬಾಗಿಲನ್ನು ತೆರೆದಿಡುವುದು, ಮಕ್ಕಳೊಂದಿಗಿನ ದೂರವಾಣಿ ಸಂದೇಶಗಳು ಶಿಕ್ಷಕರೂ ಇರುವ ಗುಂಪಿನಲ್ಲಿಯೇ ನಡೆಯುವುದು ಇವು ಪಾಲಿಸಲು ಕಷ್ಟವಲ್ಲದ ಎಚ್ಚರಿಕೆಗಳು. ಕೆಲವು ಹಿರಿಯರು ಪ್ರಮಾಣಪತ್ರ ಕೇಳಿದಾಗ ತಮ್ಮ ಮೇಲೆ ಅನುಮಾನವೇ ಎಂದು ಬೇಸರಿಸುವುದುಂಟು. ಎಲ್ಲರಿಗೂ ಒಂದೇ ನಿಯಮವೆಂದು ಮೊದಲ ದಿನವೇ ತಿಳಿಸಿದರೆ ಈ ಮುಜುಗರ ಉಳಿಯುವುದಿಲ್ಲ. ಪ್ರತಿಷ್ಠಿತರಿಗೆ ಮಾತ್ರ ವಿನಾಯಿತಿ ನೀಡುವುದು ಎಲ್ಲಕ್ಕಿಂತ ಅಪಾಯಕಾರಿ.

ಹೆಣ್ಣುಮಕ್ಕಳ ಪಾಲ್ಗೊಳ್ಳುವಿಕೆಯೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಬಸ್ ಪ್ರಯಾಣದ ವೆಚ್ಚ ಅವರಿಗೆ ಅಡ್ಡಿಯಾಗಿಲ್ಲ. ಅಡ್ಡಿಯಾಗಿರುವುದು ಸಮಯ. ತಂಡದ ಕೆಲಸ ಸಂಜೆ ಐದೂವರೆಗೆ ಮುಗಿದು ಊರಿನ ಬಸ್ಸು ಐದಕ್ಕೇ ಹೊರಟರೆ ಆ ಮಗು ಮರುವಾರ ತಂಡದಲ್ಲಿ ಇರುವುದಿಲ್ಲ. ಮಾರ್ಗದರ್ಶಕರ ಅನುಕೂಲಕ್ಕಿಂತ ಬಸ್ಸಿನ ವೇಳಾಪಟ್ಟಿಯನ್ನು ನೋಡಿ ಸಮಯ ನಿಗದಿಪಡಿಸಿದಲ್ಲಿ, ಹಾಗೂ ಇಬ್ಬರು ವಯಸ್ಕರಲ್ಲಿ ಒಬ್ಬರಾದರೂ ಮಹಿಳೆಯರಾಗಿದ್ದಲ್ಲಿ, ತಾಯಂದಿರು ಒಪ್ಪುತ್ತಾರೆ. ಶನಿವಾರದ ಬೆಳಗಿನ ಶಾಲೆ ಮುಗಿದ ನಂತರದ ಎರಡು ಗಂಟೆ ಹಲವೆಡೆ ಹೊಂದುವ ಸಮಯ.

ಬಂದವರು ಉಳಿಯುವುದು

ಮಾರ್ಗದರ್ಶಕರನ್ನು ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಮೊದಲ ದಿನ ಮೈಸೂರು ಪೇಟ, ಶಾಲು, ಹಾರ, ಸ್ವಾಗತ ಭಾಷಣಗಳಲ್ಲಿ ಅವರು ನೀಡಿದ ಎರಡು ಗಂಟೆಗಳಲ್ಲಿ ಒಂದು ಗಂಟೆ ಮುಗಿದಿರುತ್ತದೆ. ಎರಡನೆಯ ದಿನ ಅವರಿಗೆ ಕುಳಿತುಕೊಳ್ಳಲು ಜಾಗ ತೋರಿಸುವವರೂ ಇರುವುದಿಲ್ಲ. ಸನ್ಮಾನವನ್ನು ವರ್ಷದ ಕೊನೆಗೆ ಇಟ್ಟುಕೊಂಡು, ಪ್ರತಿ ವಾರ ಬಾಗಿಲು ತೆರೆದಿರುವಂತೆ, ಮಕ್ಕಳು ಹಿಂದಿನ ವಾರದ ಕೆಲಸವನ್ನು ದಿನಚರಿ ಪುಸ್ತಕದಲ್ಲಿ ಬರೆದಿಟ್ಟಿರುವಂತೆ ನೋಡಿಕೊಂಡರೆ ಅದೇ ಅವರಿಗೆ ದೊಡ್ಡ ಮರ್ಯಾದೆ. ಈ ದಿನಚರಿ ಪುಸ್ತಕ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಮಾರ್ಗದರ್ಶಕರು ಬದಲಾದರೂ, ಶಿಕ್ಷಕರು ವರ್ಗವಾದರೂ, ಯಾವ ಮೋಟಾರು ಏಕೆ ಸುಟ್ಟಿತು ಎಂಬುದು ಶಾಲೆಯಲ್ಲಿಯೇ ಉಳಿಯುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ವಿಷಯವನ್ನೂ ಪ್ರಸ್ತಾಪಿಸಬೇಕು. ಕಂಪನಿಗಳ ಕಾಯ್ದೆ, 2013ರ 135ನೇ ಕಲಮಿನಂತೆ ನಿಗದಿತ ಮಿತಿಯನ್ನು ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ವಿನಿಯೋಗಿಸಬೇಕಾಗಿದೆ. ಇದರಿಂದ ಶಾಲೆಗಳಿಗೆ ಬರುವುದು ಹೆಚ್ಚಾಗಿ ಉಪಕರಣಗಳು. ಉಪಕರಣದ ಮೇಲೆ ದಾನಿಯ ಹೆಸರು ಬರೆಯಬಹುದು, ಬಿಲ್ಲು ಲಗತ್ತಿಸಬಹುದು. ನೌಕರರು ನೀಡಿದ ಶನಿವಾರಗಳನ್ನು ಬೆಲೆ ಕಟ್ಟಿ ವೆಚ್ಚವೆಂದು ತೋರಿಸಲು ಅವಕಾಶವಿಲ್ಲ. ಹಾಗಾಗಿ ಕಂಪನಿಗಳಿಗೆ ಪತ್ರ ಬರೆಯುವ ಶಾಲೆಗಳು ಮತ್ತೊಂದು ಕಂಪ್ಯೂಟರ್ ಕೇಳುವುದರ ಜೊತೆಗೆ, ಒಂದು ವರ್ಷದ ಮಟ್ಟಿಗೆ ತಿಂಗಳಿಗೆ ಎರಡು ಶನಿವಾರ ಬರಬಲ್ಲ ಇಬ್ಬರು ನೌಕರರನ್ನು ಹೆಸರಿಸಿ ಕಳುಹಿಸುವಂತೆ ಪ್ರತ್ಯೇಕವಾಗಿ ಕೋರುವುದು ಉತ್ತಮ.

ಮಾರ್ಗದರ್ಶಕರಾಗಲು ಇಚ್ಛಿಸುವ ಸಾರ್ವಜನಿಕರು ಅಟಲ್ ನಾವೀನ್ಯತಾ ಮಿಷನ್‌ನ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಸಮೀಪದ ಶಾಲೆಯಲ್ಲಿ ಪ್ರಯೋಗಾಲಯ ಇದೆಯೇ ಎಂಬುದನ್ನು ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದಾಗಿದೆ. ಪ್ರಯೋಗಾಲಯವಿಲ್ಲದ ಶಾಲೆಗಳಲ್ಲಿ ತಂಡ ಕಟ್ಟಲು ಬಯಸುವವರು ಮುಖ್ಯ ಶಿಕ್ಷಕರನ್ನು ಹಾಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರನ್ನು ಭೇಟಿ ಮಾಡುವುದು. ಶಾಲೆಗಳು ಮಾರ್ಗದರ್ಶಕರ ಹೆಸರು, ಬರುವ ವಾರ ಮತ್ತು ಸಮಯ, ಜೊತೆಗಿರುವ ಶಿಕ್ಷಕರ ಹೆಸರು ಹಾಗೂ ಕೀಲಿಕೈ ಯಾರ ಬಳಿ ಇರುತ್ತದೆ ಎಂಬುದನ್ನು ಜೂನ್ ತಿಂಗಳಿನಲ್ಲಿಯೇ ಸೂಚನಾ ಫಲಕದಲ್ಲಿ ಪ್ರಕಟಿಸುವುದು.